ಜ್ವರಕ್ಕೆ ಹೆಸರು ಹೇಳುವವರು ಯಾರು?

ಕಳೆದ ಮಾಘ ಮಾಸದಲ್ಲಿ ನಮ್ಮ ಊರಿನ ಅಕ್ಕಿ ಗಿರಣಿಯೊಂದರ ಹಮಾಲಿ ಜ್ವರ ಬಂದು ಮಲಗಿದ. ಮನೆಯವರು ಮೂರು ಕಡೆ ತೋರಿಸಿದರು. ಮೊದಲನೆಯ ಡಾಕ್ಟರು ಟೈಫಾಯಿಡ್ ಎಂದರು. ಎರಡನೆಯವರು ಡೆಂಗಿ ಇರಬೇಕೆಂದರು. ಮೂರನೆಯವರು ಏನೂ ಹೇಳದೆ ಚೀಟಿಯ ಮೇಲೆ ‘ವೈರಲ್ ಜ್ವರ’ ಎಂದು ಬರೆದು ಮೂರು ಬಗೆಯ ಮಾತ್ರೆ ಕೊಟ್ಟರು. ಈ ನಡುವೆ ಮೈಕೈ ನೋವು ತಾಳಲಾರದೆ ಆತ ಬೀದಿಯ ಅಂಗಡಿಯಿಂದ ತಲೆನೋವಿನ ಮಾತ್ರೆ ತರಿಸಿ ನುಂಗಿದ್ದ. ನಾಲ್ಕನೆಯ ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ವಸಡಿನಿಂದ ರಕ್ತ ಬಂತು. ಸಂಜೆಯ ಹೊತ್ತಿಗೆ ಮೂಗಿನಿಂದಲೂ ಬಂತು. ಹೆಂಡತಿ ಕಿವಿಯ ಓಲೆ ಬಿಚ್ಚಿ ಅಡವಿಟ್ಟಳು.

ಕೊನೆಗೆ ಸರಕಾರಿ ಆಸ್ಪತ್ರೆಗೆ ಹೊತ್ತು ತಂದಾಗ ಅಲ್ಲಿದ್ದ ವಯಸ್ಸಾದ ನರ್ಸಮ್ಮ ಒಬ್ಬರು ಅದುವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದರು. “ಜ್ವರ ಬರೋಕೆ ಮುಂಚೆ ಎಲ್ಲಿಗಾದರೂ ಹೋಗಿದ್ದೆಯೇನಪ್ಪಾ?”

“ಊರಿಗೆ ಹೋಗಿದ್ದೆ ಕಣಮ್ಮಾ, ಸಾಗರದ ಕಡೆ. ಅಣ್ಣನ ಜತೆ ದರಗು ತರೋಕೆ ಕಾಡಿಗೆ ಹೋಗಿದ್ದೆ.”

“ಅಲ್ಲಿ ಮಂಗ ಸತ್ತಿದ್ದು ನೋಡಿದೆಯಾ?”

“ಹೌದಮ್ಮಾ, ಎರಡು ಬಿದ್ದಿದ್ದವು.”

ರೋಗಕ್ಕೆ ಹೆಸರು ಸಿಕ್ಕಿದ್ದು ಅಲ್ಲಿ. ರಕ್ತ ತೆಗೆದು ಕಳುಹಿಸಿದರು. ಮಂಗನ ಕಾಯಿಲೆ ಎಂದು ಉತ್ತರ ಬಂತು. ಆತ ಬದುಕಿಕೊಂಡ. ಆದರೆ ಎರಡು ತಿಂಗಳ ಕೂಲಿ ಹೋಯಿತು. ಓಲೆ ಇನ್ನೂ ಬಿಡಿಸಿಕೊಂಡಿಲ್ಲ. ಆತನ ಮಗಳು ಹಿಂದೆ ನಮ್ಮ ಕೈಕೆಳಗೆ ಓದಿದವಳು. ಅವರ ಮನೆಯ ಜಗುಲಿಯ ಮೇಲೆ ಕುಳಿತು ಕೇಳಿದ ಈ ಸಂಗತಿಯನ್ನು ಕೇವಲ ಒಂದು ಸಂಸಾರದ ಕಷ್ಟವೆಂದು ಬರೆಯುತ್ತಿಲ್ಲ. ಮೂರು ಕಡೆ ದುಡ್ಡು ತೆತ್ತ ಮೇಲೂ ಸಿಗದ ಉತ್ತರ ಎರಡು ಪ್ರಶ್ನೆಗಳಿಂದ ಸಿಕ್ಕಿತಲ್ಲ, ಆ ಪ್ರಶ್ನೆಗಳನ್ನು ಮೊದಲ ದಿನವೇ ಏಕೆ ಕೇಳಲಿಲ್ಲ ಎಂಬುದೇ ನಮ್ಮ ಇಂದಿನ ವಿಷಯ.

ಈ ಕಾಯಿಲೆ ಇಂದು ನಿನ್ನೆಯದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸಾಯತೊಡಗಿದವು. ಕಾಡಿನಂಚಿನ ಹಳ್ಳಿಗಳಲ್ಲಿ ಜನ ಕಡುಜ್ವರದಿಂದ ಮಲಗಿದರು, ಕೆಲವರು ಸತ್ತರು. ಅದಕ್ಕೆ ಹಿಂದಿನ ವರ್ಷವೂ ಅಲ್ಲಿ ಅಂಥ ಜ್ವರ ಬಂದಿತ್ತು. ಅದನ್ನು ಟೈಫಾಯಿಡ್ ಜಾತಿಯ ಜ್ವರವೆಂದೇ ಭಾವಿಸಲಾಗಿತ್ತು. ಪುಣೆಯ ವೈರಾಣು ಸಂಶೋಧನಾ ಕೇಂದ್ರ ಆಗ ಹುಟ್ಟಿ ಐದೇ ವರ್ಷವಾಗಿತ್ತು. ಅದರ ಮುಖ್ಯಸ್ಥರಾಗಿದ್ದ ಡಾ. ಟೆಲ್ಫರ್ಡ್ ವರ್ಕ್, ಅವರ ಜೊತೆಗಾರರಾದ ಟ್ರಾಪಿಡೊ ಹಾಗೂ ನಮ್ಮ ದೇಶದ ವಿಜ್ಞಾನಿಗಳು ಕಾಡಿಗೆ ಬಂದರು. ಮಂಗ ಸಾಯುತ್ತಿವೆ, ಮನುಷ್ಯನಿಗೂ ಜ್ವರ ಬರುತ್ತಿದೆ ಎಂದರೆ ಅವರ ಎದೆ ನಡುಗಿಸಿದ ಹೆಸರು ಒಂದೇ: ಹಳದಿ ಜ್ವರ. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಊರೂರನ್ನೇ ಬರಿದು ಮಾಡಿದ್ದ ಆ ರೋಗ ಏಷ್ಯಾ ಖಂಡಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದು ಇಲ್ಲಿಗೆ ಬಂದಿದ್ದರೆ ದೇಶದ ಗತಿಯೇನು?

ಪರೀಕ್ಷೆಯಿಂದ ಅದು ಹಳದಿ ಜ್ವರವಲ್ಲವೆಂದು ತಿಳಿಯಿತು. ಸತ್ತ ಮುಸಿಯದಿಂದ, ರೋಗಿಗಳ ರಕ್ತದಿಂದ, ಕಾಡಿನ ಉಣುಗುಗಳಿಂದ ತೆಗೆದ ವೈರಾಣು ಜಗತ್ತು ಅದುವರೆಗೆ ಕಾಣದ ಹೊಸದಾಗಿತ್ತು. ಅದರ ಹತ್ತಿರದ ಬಂಧುಗಳು ಇದ್ದದ್ದು ದೂರದ ರಷ್ಯದ ಕಾಡುಗಳಲ್ಲಿ, ಅಲ್ಲಿಯ ಉಣುಗುಗಳಲ್ಲಿ. ಹೊಸ ವೈರಾಣುವಿಗೆ ನಮ್ಮ ಕ್ಯಾಸನೂರಿನ ಹೆಸರನ್ನೇ ಇಟ್ಟರು. ಜನ ಮಾತ್ರ ಮಂಗನ ಕಾಯಿಲೆ ಎನ್ನುತ್ತಾರೆ. ಮಂಗ ಸತ್ತರೆ ಜ್ವರ ಬರುತ್ತದೆ ಎಂಬ ಮುಖ್ಯ ಸುಳಿವು ಆ ಹೆಸರಿನಲ್ಲಿಯೇ ಇದೆ.

ಆದರೆ ಮಂಗ ಇಲ್ಲಿ ಅಪರಾಧಿಯಲ್ಲ. ಅದೂ ನಮ್ಮಂತೆ ರೋಗಿ. ರೋಗ ಅಂಟಿಸುವುದು ಉಣುಗು, ಕೆಲವು ಕಡೆ ಉಣ್ಣೆ ಎನ್ನುತ್ತಾರೆ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿದು ದರಗಿನಲ್ಲಿ ಸೇರಿಕೊಳ್ಳುತ್ತವೆ. ಎಳ್ಳಿಗಿಂತ ಸಣ್ಣದಾದ ಮರಿ ಉಣುಗು ಕಾಲಿಗೆ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಮಳೆ ನಿಂತು ಎಲೆ ಉದುರುವ ಡಿಸೆಂಬರಿನಿಂದ ಮೇ ತಿಂಗಳವರೆಗೆ ಅವುಗಳ ಕಾಲ. ಬಡವರು ಸೌದೆಗೆ, ದರಗಿಗೆ, ದನ ಮೇಯಿಸಲಿಕ್ಕೆ ಕಾಡು ಹೊಕ್ಕುವುದೂ ಅದೇ ಕಾಲದಲ್ಲಿ.

ಇನ್ನು ಪತ್ತೆಯ ಮಾತು. ಮೇಷ್ಟರ ಚಾಳಿ ಬಿಟ್ಟಿಲ್ಲವೆಂದು ಓದುಗರು ನಕ್ಕರೂ ಸರಿ, ಇದನ್ನು ಪಾಠದಂತೆ ಒಂದೊಂದಾಗಿ ಹೇಳುತ್ತೇವೆ. ಇದು ಡಾಕ್ಟರಿಗೆ ಮಾತ್ರ ತಿಳಿದಿದ್ದರೆ ಸಾಲದು. ರೋಗಿಯ ಮನೆಯವರಿಗೂ ತಿಳಿದಿರಬೇಕು.

ಮೊದಲನೆಯದು ರೋಗದ ನಡೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಒಮ್ಮೆಲೇ ಏರುತ್ತದೆ. ತಲೆ ಸಿಡಿಯುತ್ತದೆ. ಬೆನ್ನು, ಮೀನಖಂಡಗಳಲ್ಲಿ ಎದ್ದು ನಿಲ್ಲಲಾಗದ ನೋವು. ಕಣ್ಣು ಕೆಂಪಾಗುತ್ತದೆ. ವಾಂತಿ, ಭೇದಿ ಇರಬಹುದು. ಮೈ ಸುಡುತ್ತಿದ್ದರೂ ನಾಡಿ ನಿಧಾನವಾಗಿ ಬಡಿಯುವುದುಂಟು. ಮೂರು ನಾಲ್ಕು ದಿನ ಕಳೆದ ಮೇಲೆ ಕೆಲವರಿಗೆ ವಸಡು, ಮೂಗುಗಳಿಂದ ರಕ್ತ ಬರುತ್ತದೆ. ವಾಂತಿಯಲ್ಲಿ ರಕ್ತ ಕಾಣುತ್ತದೆ, ಮಲ ಕಪ್ಪಾಗುತ್ತದೆ. ಹೆಚ್ಚಿನವರು ಎರಡು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಆದರೆ ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟು ವಾರವೋ ಎರಡು ವಾರವೋ ಆದ ಮೇಲೆ ಮತ್ತೆ ಮರುಕಳಿಸಿ, ಕುತ್ತಿಗೆ ಬಿಗಿಯುವುದು, ಕೈಕಾಲು ನಡುಗುವುದು, ಮಾತು ತೊದಲುವುದು ಕಾಣುತ್ತದೆ. ಕಾಯಿಲೆ ತಗುಲಿದ ನೂರರಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಜನ ಸಾಯುತ್ತಾರೆ.

ಎರಡನೆಯದು ಪ್ರಶ್ನೆ. ಜ್ವರದ ಜೊತೆ ರಕ್ತ ಬಂದ ಮಾತ್ರಕ್ಕೆ ಮಂಗನ ಕಾಯಿಲೆ ಎನ್ನಲಾಗದು. ಡೆಂಗಿಯಲ್ಲಿ ರಕ್ತ ಬರುತ್ತದೆ, ಇಲಿ ಜ್ವರದಲ್ಲಿ ಬರಬಹುದು, ಕಡು ಮಲೇರಿಯಾದಲ್ಲಿಯೂ ಬರಬಹುದು. ಇವುಗಳನ್ನು ಬೇರೆ ಮಾಡುವ ಮೊದಲ ಸಾಧನ ಯಂತ್ರವಲ್ಲ, ಮಾತು. ಡೆಂಗಿ ಊರಿನ ಸೊಳ್ಳೆಯಿಂದ ಬರುತ್ತದೆ, ಮಳೆಯ ದಿನಗಳಲ್ಲಿ ಹೆಚ್ಚು. ಇಲಿ ಜ್ವರ ಕೆಸರಿನಲ್ಲಿ, ನಿಂತ ನೀರಿನಲ್ಲಿ ಬರಿಗಾಲಲ್ಲಿ ದುಡಿದವನನ್ನು ಹಿಡಿಯುತ್ತದೆ. ಮಂಗನ ಕಾಯಿಲೆ ಒಣಗಾಲದಲ್ಲಿ ಕಾಡಿನ ಸಂಗ ಮಾಡಿದವನಿಗೆ ಬರುತ್ತದೆ. ಎಲ್ಲಿ ದುಡಿದೆ, ಏನು ಕೆಲಸ, ಹದಿನೈದು ದಿನದೊಳಗೆ ಕಾಡಿಗೆ ಹೋಗಿದ್ದೆಯಾ, ಮಂಗ ಸತ್ತಿದ್ದವೆ, ಮೈಮೇಲೆ ಉಣುಗು ಕಂಡಿತೆ? ಇಷ್ಟು ಕೇಳಲು ಎರಡು ನಿಮಿಷ ಸಾಕು.

ಮೂರನೆಯದು ರಕ್ತ ಪರೀಕ್ಷೆ. ಸಾಮಾನ್ಯ ಪರೀಕ್ಷೆಯಲ್ಲಿ ಬಿಳಿಯ ರಕ್ತಕಣಗಳೂ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳೂ ಇಳಿದಿರುವುದು ಕಾಣುತ್ತದೆ. ಆದರೆ ಡೆಂಗಿಯಲ್ಲಿಯೂ ಹಾಗೆಯೇ ಇಳಿಯುತ್ತವೆ. ಆದ್ದರಿಂದ ಇದು ಎಚ್ಚರಿಕೆಯ ಗಂಟೆಯೇ ಹೊರತು ರೋಗದ ಹೆಸರಲ್ಲ. ಟೈಫಾಯಿಡಿಗೆಂದು ಎಲ್ಲೆಡೆ ಮಾಡುವ ವಿಡಾಲ್ ಪರೀಕ್ಷೆಯ ಚೀಟಿಯನ್ನೂ ಪೂರ್ತಿ ನಂಬಲಾಗದು. ಹಿಂದೆಂದೋ ಬಂದ ಟೈಫಾಯಿಡ್ ಅಥವಾ ಬೇರೊಂದು ಜ್ವರ ಕೂಡ ಅದರಲ್ಲಿ ‘ಇದೆ’ ಎಂಬ ಉತ್ತರ ತರಿಸಬಲ್ಲದು. ಹಮಾಲಿಯ ಹೆಂಡತಿ ಆ ಚೀಟಿಯನ್ನು ನಂಬಿ ನಾಲ್ಕು ದಿನ ಕಳೆದುಕೊಂಡಳು.

ನಾಲ್ಕನೆಯದು ವೈರಾಣುವಿನ ಪರೀಕ್ಷೆ. ಹಿಂದೆ ಇದಕ್ಕಾಗಿ ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ ದಿನಗಟ್ಟಲೆ ಕಾಯಬೇಕಾಗಿತ್ತು. ಆ ಕೆಲಸದಲ್ಲಿ ಪ್ರಯೋಗಶಾಲೆಯ ನೌಕರರೇ ಕಾಯಿಲೆಗೆ ತುತ್ತಾದರು. 2012ರಲ್ಲಿ ಪುಣೆಯ ಸಂಸ್ಥೆ ತ್ವರಿತ ಪರೀಕ್ಷೆಗಳನ್ನು ಸಿದ್ಧಪಡಿಸಿತು. ಜ್ವರದ ಮೊದಲ ದಿನಗಳಲ್ಲಿ ವೈರಾಣು ರಕ್ತದಲ್ಲಿಯೇ ಇರುವುದರಿಂದ ಪಿಸಿಆರ್ ಪರೀಕ್ಷೆ ಅದನ್ನು ನೇರವಾಗಿ ಹಿಡಿಯುತ್ತದೆ. ಐದಾರು ದಿನ ಕಳೆದ ಮೇಲೆ ದೇಹ ತಾನೇ ತಯಾರಿಸಿದ ಪ್ರತಿಕಾಯಗಳನ್ನು ಎಲೈಸಾ ಪರೀಕ್ಷೆ ಹಿಡಿಯುತ್ತದೆ. ಆದ್ದರಿಂದ ರಕ್ತದ ಸೀಸೆಯ ಮೇಲೆ ಜ್ವರ ಬಂದ ದಿನ ಬರೆದಿರಬೇಕು. ತಡವಾಗಿ ತೆಗೆದ ರಕ್ತದಲ್ಲಿ ಪಿಸಿಆರ್ ‘ಇಲ್ಲ’ ಎಂದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ಸೀಸೆಯನ್ನು ತಂಪಿನಲ್ಲಿ ಇಟ್ಟು ಬೇಗ ಮುಟ್ಟಿಸಲೂ ಬೇಕು.

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. ಈ ಕಾಯಿಲೆಯ ವೈರಾಣುವನ್ನು ಕೊಲ್ಲುವ ಔಷಧಿಯೇ ಇಲ್ಲವಲ್ಲ, ಹೆಸರು ತಿಳಿದು ಏನು ಪ್ರಯೋಜನ? ಓದಿದವರೂ ಹೀಗೆ ಕೇಳುವುದನ್ನು ನಾವು ಕೇಳಿದ್ದೇವೆ. ಔಷಧಿ ಇಲ್ಲ ಎನ್ನುವುದು ನಿಜ, ಪ್ರಯೋಜನವಿಲ್ಲ ಎನ್ನುವುದು ಸುಳ್ಳು.

ಹೆಸರು ತಿಳಿದರೆ ಮೊದಲು ಕೇಡು ನಿಲ್ಲುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಈ ಜ್ವರದಲ್ಲಿ ಅವು ವಿಷಕ್ಕೆ ಸಮಾನ. ಜ್ವರ ಇಳಿಸಲು ಡಾಕ್ಟರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಸೊಂಟಕ್ಕೆ ಸೂಜಿ ಚುಚ್ಚಿಸಿಕೊಂಡರೇ ಸಮಾಧಾನ ಎನ್ನುವ ನಮ್ಮ ಜನ, ಪ್ಲೇಟ್‌ಲೆಟ್ ಇಳಿದವನಿಗೆ ಆ ಸೂಜಿಯ ಜಾಗದಲ್ಲಿಯೇ ರಕ್ತ ಒಸರಬಹುದೆಂದು ತಿಳಿಯಬೇಕು. ಎರಡನೆಯದಾಗಿ, ರೋಗಿಯನ್ನು ಆಸ್ಪತ್ರೆಯಲ್ಲಿಟ್ಟು ನೀರಿನಂಶ ಕಾಯ್ದು, ರಕ್ತದೊತ್ತಡ ನೋಡುತ್ತ, ಬೇಕಾದಾಗ ರಕ್ತ ಕೊಟ್ಟರೆ ಬಹಳ ಮಂದಿ ಉಳಿಯುತ್ತಾರೆ. ಮೂರನೆಯದಾಗಿ, ಜ್ವರ ಬಿಟ್ಟಿತೆಂದು ಮರುದಿನವೇ ಮೂಟೆ ಹೊರಲು ಹೋಗದಂತೆ, ಮರುಕಳಿಸುವ ಎರಡನೆಯ ಸುತ್ತಿಗೆ ಎಚ್ಚರವಾಗಿರುವಂತೆ ಹೇಳಬಹುದು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಒಬ್ಬನ ರಕ್ತ ಹೇಳಿದ ಸುದ್ದಿಯಿಂದ ಒಂದು ಊರು ಎಚ್ಚರಗೊಳ್ಳುತ್ತದೆ. ಹಮಾಲಿಯ ಅಣ್ಣ ಅದೇ ಕಾಡಿಗೆ ಮತ್ತೆ ದರಗಿಗೆ ಹೋಗುವುದು ತಪ್ಪುತ್ತದೆ.

ಹೆಸರಿಲ್ಲದೆ ಸತ್ತವನು ಯಾವ ಲೆಕ್ಕಕ್ಕೂ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಸಾವಿಗೆ ಪರಿಹಾರವೂ ಇಲ್ಲ, ಮುನ್ನೆಚ್ಚರಿಕೆಯೂ ಇಲ್ಲ.

ಇದು ಮಲೆನಾಡಿನವರ ತಾಪತ್ರಯ, ಬಯಲಿನ ಗಿರಣಿ ಊರಿಗೆ ಏನು ಸಂಬಂಧ ಎನ್ನುವವರೂ ಇದ್ದಾರೆ. ಅವರು ಈ ಕಾಯಿಲೆ ನಡೆದು ಬಂದ ದಾರಿಯನ್ನು ನೋಡಲಿ. ಮೊದಲು ಸಾಗರ, ಸೊರಬ, ಶಿಕಾರಿಪುರಗಳ ಎಲ್ಲೆಯಲ್ಲಿದ್ದುದು ಎಪ್ಪತ್ತರ ದಶಕದಲ್ಲಿ ಉತ್ತರ ಕನ್ನಡಕ್ಕೆ ದಾಟಿತು. 1982ರಿಂದ 1984ರ ನಡುವೆ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಕಡೆ ಭುಗಿಲೆದ್ದು ಬಹಳ ಜನರನ್ನು ಬಲಿ ತೆಗೆದುಕೊಂಡಿತು. 2012ರಲ್ಲಿ ಬಂಡೀಪುರದ ಕಾಡಿನಲ್ಲಿ ಸತ್ತ ಮಂಗಗಳನ್ನು ಮುಟ್ಟಿ, ಸುಟ್ಟ ಕೆಲಸಗಾರರಿಗೆ ಜ್ವರ ಬಂತು. ಆಮೇಲೆ ಕೇರಳದ ವಯನಾಡು, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ಕಂಡಿತು. 2016ರಲ್ಲಿ ಗೋವೆಯ ಗೇರು ತೋಟಗಳಲ್ಲಿ ದುಡಿದು ಬೆಳಗಾವಿ ಜಿಲ್ಲೆಯ ತಮ್ಮ ಊರಿಗೆ ಹಿಂದಿರುಗಿದ ಕೂಲಿಗಳಲ್ಲಿ ಇದೇ ಕಾಯಿಲೆ ಪತ್ತೆಯಾಯಿತು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಹಲವರು ಸತ್ತರು.

ಇದರಲ್ಲಿ ಗಮನಿಸಬೇಕಾದ್ದು, ಹೆಚ್ಚಾಗಿ ಬಿದ್ದವನು ದುಡಿಯುವವನೇ. ಕೂಲಿ ಎಲ್ಲಿ ಸಿಗುತ್ತದೋ ಅಲ್ಲಿಗೆ ಆತ ಹೋಗುತ್ತಾನೆ. ಜ್ವರವನ್ನು ಮೈಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಬರುತ್ತಾನೆ. ಬಂದಿಳಿದ ಊರಿನ ಡಾಕ್ಟರಿಗೆ ಆ ಕಾಡೂ ಗೊತ್ತಿಲ್ಲ, ಆ ಮಂಗವೂ ಗೊತ್ತಿಲ್ಲ. ಹಾಗಾಗಿ ಗಿರಣಿ ಊರಿನಲ್ಲಿಯೇ ಈ ಪ್ರಶ್ನೆ ಹೆಚ್ಚು ಅವಶ್ಯ.

ಕಾಡಿಗೆ ಹೋದದ್ದೇ ತಪ್ಪು ಎಂದು ಬಡವನ ಮೇಲೆ ಹೊರೆ ಹೊರಿಸುವುದನ್ನೂ ನಾವು ಒಪ್ಪುವುದಿಲ್ಲ. ಕೊಲಂಬಿಯ ದೇಶದಿಂದ ಬಂದು ಇಲ್ಲಿ ಈ ರೋಗವನ್ನು ಅಭ್ಯಾಸ ಮಾಡಿದ ಡಾ. ಬೊಶೆಲ್ 1969ರಷ್ಟು ಹಿಂದೆಯೇ ತೋರಿಸಿದ್ದು ಏನು? ಕಾಡನ್ನು ಅಲ್ಲಲ್ಲಿ ಕಡಿದು, ಅಂಚಿನಲ್ಲಿ ಊರು ಬೆಳೆದು, ದನಗಳು ಕಾಡೊಳಗೆ ಮೇಯತೊಡಗಿದಾಗ ಉಣುಗು ಹೆಚ್ಚುತ್ತದೆ, ಅಡಗಿದ್ದ ರೋಗ ಹೊರಬೀಳುತ್ತದೆ ಎಂಬುದನ್ನು. ತೋಪು ಬೆಳೆಸಲು ಕಾಡು ಬೋಳಿಸಿದವರು ಯಾರೋ, ಉಣುಗು ಕಚ್ಚಿಸಿಕೊಂಡವರು ಯಾರೋ.

ಲಸಿಕೆಯ ಕತೆಯೂ ಸಮಾಧಾನ ತರುವಂಥದಲ್ಲ. ಬಹುಕಾಲ ಹಾಕುತ್ತ ಬಂದ ಲಸಿಕೆಯ ಫಲವನ್ನು 2005ರಿಂದ 2010ರ ಅವಧಿಗೆ ಲೆಕ್ಕ ಹಾಕಿದಾಗ, ಎರಡು ಸಲ ಹಾಕಿಸಿಕೊಂಡವರಲ್ಲಿ ರಕ್ಷಣೆ ನೂರಕ್ಕೆ 62ರಷ್ಟು, ಮತ್ತೂ ಒಂದು ಸಲ ಹಾಕಿಸಿಕೊಂಡವರಲ್ಲಿ 83ರಷ್ಟು ಎಂದು ಕಂಡಿತು. ಅದರ ಬಲ ಸಾಲದೆಂದು 2022ರಲ್ಲಿ ಹಾಕುವುದನ್ನೇ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೆಲಸ ಕೈಗೊಂಡದ್ದು ಸ್ವಾಗತಾರ್ಹವೇ. ಆದರೆ 1957ರಲ್ಲಿ ಹೆಸರಿಟ್ಟ ರೋಗಕ್ಕೆ ಇಷ್ಟು ಕಾಲವಾದ ಮೇಲೂ ಹೊಸ ಲಸಿಕೆಯ ದಾರಿ ಕಾಯುವಂತಾದದ್ದು ಏಕೆ? ಈ ರೋಗ ರಾಜಧಾನಿಯ ಬಂಗಲೆಗಳಲ್ಲಿ ಕಾಣಿಸಿಕೊಂಡಿದ್ದರೆ ಇಷ್ಟು ತಡವಾಗುತ್ತಿತ್ತೆ?

ನಮ್ಮ ಬೇಡಿಕೆಗಳು ದೊಡ್ಡವಲ್ಲ.

ಒಂದು, ಜ್ವರವೆಂದು ಬಂದ ಪ್ರತಿಯೊಬ್ಬರ ಚೀಟಿಯಲ್ಲಿ, ಕಳೆದ ಹದಿನೈದು ದಿನ ಎಲ್ಲಿ ಏನು ಕೆಲಸ ಮಾಡಿದರೆಂದು ಬರೆಯುವ ಸಾಲೊಂದು ಇರಲಿ. ಗಿರಣಿ ಕಾರ್ಮಿಕರ ವಿಮಾ ಆಸ್ಪತ್ರೆಗಳಲ್ಲಿಯೂ ಇದು ಕಡ್ಡಾಯವಾಗಲಿ.

ಎರಡು, ಜ್ವರದ ಜೊತೆ ರಕ್ತ ಬಂದವರ ರಕ್ತವನ್ನು ಅಂದೇ ತೆಗೆದು, ತಂಪು ಪೆಟ್ಟಿಗೆಯಲ್ಲಿಟ್ಟು, ಶಿವಮೊಗ್ಗದ ಸರಕಾರಿ ವೈರಾಣು ಪ್ರಯೋಗಶಾಲೆಗೋ ಹತ್ತಿರದ ಬೇರೆ ಸರಕಾರಿ ಪ್ರಯೋಗಶಾಲೆಗೋ ಮುಟ್ಟಿಸಲಿ. ರೋಗಿಯಿಂದ ಒಂದು ಕಾಸೂ ಕೇಳದಿರಲಿ. ಮಲೆನಾಡಿನಲ್ಲಿ ಬೆಳಿಗ್ಗೆ ಹೊರಟ ಅಡಿಕೆ ಚೀಲ ಸಂಜೆಯೊಳಗೆ ನಮ್ಮ ಮಂಡಿ ಸೇರುತ್ತದೆ. ಅಡಿಕೆ ಚೀಲಕ್ಕೆ ಇರುವ ದಾರಿ ರಕ್ತದ ಸೀಸೆಗೆ ಏಕಿಲ್ಲ?

ಮೂರು, ಮಂಗ ಸತ್ತ ಸ್ಥಳಗಳ ಹೆಸರನ್ನು ವಾರವಾರವೂ ಪಂಚಾಯಿತಿ, ಬಸ್ ನಿಲ್ದಾಣ, ಗಿರಣಿಯ ಬಾಗಿಲುಗಳಲ್ಲಿ ಅಂಟಿಸಲಿ. ರೋಗಿಗಳ ಮತ್ತು ಸಾವಿನ ಲೆಕ್ಕವನ್ನು ಮುಚ್ಚಿಡದೆ ಪ್ರಕಟಿಸಲಿ.

ನಾಲ್ಕು, ಈ ಕಾಯಿಲೆಯಿಂದ ಮಲಗಿದ ಕೂಲಿಗೆ ಎದ್ದು ದುಡಿಯುವವರೆಗೂ ಕೂಲಿ ಭತ್ಯ ಸಿಗಲಿ; ಸತ್ತವನ ಸಂಸಾರಕ್ಕೆ ಪರಿಹಾರ ಸಿಗಲಿ.

ಸರಕಾರಕ್ಕೆ ಹೇಳಿದ್ದಾಯಿತು. ನಾವು ಮಾಡಬೇಕಾದ್ದೂ ಇದೆ. ಅಂಗಡಿಯವರಲ್ಲಿ ನಮ್ಮದೊಂದು ವಿನಂತಿ: ಜ್ವರವೆಂದು ಬಂದವರಿಗೆ ನೋವಿನ ಮಾತ್ರೆಯನ್ನು ಸಕ್ಕರೆ ಪುಡಿ ಕಟ್ಟಿಕೊಟ್ಟಂತೆ ಕೊಡಬೇಡಿ, ಆಸ್ಪತ್ರೆಗೆ ಹೋಗೆಂದು ಹೇಳಿ. ನಾಲ್ಕಾಣೆಯ ಲಾಭಕ್ಕಿಂತ ಗಿರಾಕಿಯ ಜೀವ ದೊಡ್ಡದು. ರಜೆಯಲ್ಲಿ ಮಲೆನಾಡಿನ ಊರಿಗೆ ಹೋಗುವ ಕಾರ್ಮಿಕರು ಮಂಗ ಸತ್ತ ಕಡೆ ಕಾಲಿಡಬೇಡಿ, ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೋ ಅರಣ್ಯದವರಿಗೋ ತಿಳಿಸಿ. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿ. ದರಗಿನ ಮೇಲೆ ಕೂರಬೇಡಿ. ಬಂದ ಕೂಡಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮಿಂದು, ಮೈಯೆಲ್ಲ ತಡವಿ ಉಣುಗು ನೋಡಿಕೊಳ್ಳಿ. ಜ್ವರ ಬಂದರೆ ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಿ: “ಸ್ವಾಮೀ, ನಾನು ಕಾಡಿಗೆ ಹೋಗಿದ್ದೆ.” ದೊಡ್ಡವರ ಮುಂದೆ ಬಾಯಿ ಬಿಡಲು ಸಂಕೋಚಪಡುವ ಕಾಲ ಇದಲ್ಲ.

ರೋಗಿಯನ್ನು ಕಂಡು ದೂರ ಓಡಬೇಕಾಗಿಯೂ ಇಲ್ಲ. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ನಮ್ಮ ಹಮಾಲಿ ಚೇತರಿಸಿಕೊಂಡು ಬಂದಾಗ ಮೇಸ್ತ್ರಿ ಆತನನ್ನು ಒಳಗೆ ಬಿಡಲು ಹಿಂಜರಿದನಂತೆ. ಜೊತೆಯ ಹಮಾಲಿಗಳು ಚೀಲ ಕೆಳಗಿಟ್ಟು, “ಅವನು ಬರದಿದ್ದರೆ ನಾವೂ ಬರೋದಿಲ್ಲ” ಎಂದರಂತೆ. ಆತ ಈಗ ಮತ್ತೆ ಮೂಟೆ ಹೊರುತ್ತಿದ್ದಾನೆ. ಆತನ ಜೊತೆಗಾರರು ಅಂದು ಬಾಯಿ ಬಿಟ್ಟಂತೆ ನಾವೆಲ್ಲರೂ ಬಿಟ್ಟರೆ, ಮುಂದಿನ ಮಾಘದೊಳಗೆ ಆ ನರ್ಸಮ್ಮನ ಎರಡು ಪ್ರಶ್ನೆಗಳು ಜಿಲ್ಲೆಯ ಪ್ರತಿ ಆಸ್ಪತ್ರೆಯ ಮೊದಲ ಪ್ರಶ್ನೆಗಳಾದಾವು.